ಅಮೆರಿಕದ ‘ಮಹಾನಗರ’ ಎಂಬ ಅಳತೆಗೋಲು: ಕ್ಯಾಲಿಫೋರ್ನಿಯಾ ರಾಜ್ಯವನ್ನು ಆಧರಿಸಿದ ಒಂದು ಅಧ್ಯಯನ

ಅಮೆರಿಕದೊಡನೆ ವ್ಯವಹಾರ ನಡೆಸುವ ಉದ್ಯಮಿಗಳ ಕೈಸೇರುವ ಮಾರುಕಟ್ಟೆ ವರದಿಗಳಲ್ಲಿ ‘ಮೆಟ್ರೊ’ ಎಂಬ ಪದ ಪುಟಪುಟದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಜನಸಂಖ್ಯೆ, ತಲಾ ಆದಾಯ, ವೇತನದ ಮಟ್ಟ, ನಿರುದ್ಯೋಗದ ಪ್ರಮಾಣ ಇವೆಲ್ಲವನ್ನೂ ಅಲ್ಲಿ ಮೆಟ್ರೊಗಳ ಲೆಕ್ಕದಲ್ಲಿಯೇ ಕೊಡಲಾಗುತ್ತದೆ. ಈ ಪದವನ್ನು ‘ದೊಡ್ಡ ನಗರ’ ಎಂದು ಭಾವಿಸಿ ಓದಿದರೆ ಲೆಕ್ಕಾಚಾರವೇ ತಪ್ಪುವ ಸಂಭವವಿದೆ.

ಇದಕ್ಕೆ ಕ್ಯಾಲಿಫೋರ್ನಿಯಾ ರಾಜ್ಯದ ಎರಡು ನಗರಗಳು ಉತ್ತಮ ನಿದರ್ಶನ. 2020ರ ಜನಗಣತಿಯ ಪ್ರಕಾರ ಸ್ಯಾನ್ ಹೋಸೆ ನಗರದ ಜನಸಂಖ್ಯೆ 10,13,240. ಸ್ಯಾನ್ ಫ್ರಾನ್ಸಿಸ್ಕೊ ನಗರದ್ದು 8,73,965. ಈ ಎರಡು ಅಂಕಿಗಳನ್ನಷ್ಟೇ ನೋಡಿದವರು ಸ್ಯಾನ್ ಹೋಸೆಯೇ ದೊಡ್ಡ ಮಾರುಕಟ್ಟೆಯೆಂದು ತೀರ್ಮಾನಿಸುವುದು ಸಹಜ. ಆದರೆ ಅದೇ ಜನಗಣತಿಯ ಮಹಾನಗರ ಕೋಷ್ಟಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದ ಜನಸಂಖ್ಯೆ 47,49,008 ಎಂದೂ ಸ್ಯಾನ್ ಹೋಸೆ ಪ್ರದೇಶದ್ದು 20,00,468 ಎಂದೂ ಇದೆ. ನಗರವಾಗಿ ಚಿಕ್ಕದಾದುದು ಮಹಾನಗರ ಪ್ರದೇಶವಾಗಿ ಎರಡು ಪಟ್ಟಿಗಿಂತ ದೊಡ್ಡದು. ಎರಡು ಕೋಷ್ಟಕಗಳೂ ಸರಿಯಾದುವೇ. ಅವು ಅಳೆಯುವ ವಸ್ತು ಮಾತ್ರ ಬೇರೆ. ಈ ಅಳತೆಗೋಲು ಹೇಗೆ ರೂಪುಗೊಂಡಿದೆ, ಅದರಿಂದ ವ್ಯವಹಾರಸ್ಥರ ಮೇಲಾಗುವ ಪರಿಣಾಮವೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವ್ಯಾಖ್ಯೆಯ ಹಿನ್ನೆಲೆ

ಅಮೆರಿಕದಲ್ಲಿ ಮಹಾನಗರ ಪ್ರದೇಶಗಳನ್ನು ಗುರುತಿಸುವ ಅಧಿಕಾರ ರಾಜ್ಯ ಸರ್ಕಾರಗಳದ್ದಲ್ಲ, ನಗರಸಭೆಗಳದ್ದೂ ಅಲ್ಲ. ಅದು ಅಧ್ಯಕ್ಷರ ಕಾರ್ಯಾಲಯಕ್ಕೆ ಸೇರಿದ ‘ಆಫೀಸ್ ಆಫ್ ಮ್ಯಾನೇಜ್‌ಮೆಂಟ್ ಅಂಡ್ ಬಜೆಟ್’ ಎಂಬ ಕಚೇರಿಯ ಹೊಣೆ. ಬೇಕಾದ ಅಂಕಿಅಂಶಗಳನ್ನು ಜನಗಣತಿ ಬ್ಯೂರೊ ಒದಗಿಸುತ್ತದೆ.

ಮೊದಲು ಬೇರೆ ಬೇರೆ ಇಲಾಖೆಗಳು ತಮ್ಮ ತಮ್ಮ ಅನುಕೂಲಕ್ಕೆ ತಕ್ಕಂತೆ ಗಡಿಗಳನ್ನು ಹಾಕಿಕೊಳ್ಳುತ್ತಿದ್ದವು. ಒಂದು ಇಲಾಖೆಯ ಉತ್ಪಾದನೆಯ ಅಂಕಿಯನ್ನು ಮತ್ತೊಂದರ ಉದ್ಯೋಗದ ಅಂಕಿಯೊಡನೆ ಹೋಲಿಸುವುದು ಇದರಿಂದಾಗಿ ಅಸಾಧ್ಯವಾಗಿತ್ತು. ಈ ತೊಡಕನ್ನು ನಿವಾರಿಸಲು 1949ರಲ್ಲಿ ಎಲ್ಲ ಇಲಾಖೆಗಳಿಗೂ ಅನ್ವಯಿಸುವ ‘ಸ್ಟ್ಯಾಂಡರ್ಡ್ ಮೆಟ್ರೊಪಾಲಿಟನ್ ಏರಿಯಾ’ ಎಂಬ ಒಂದೇ ವ್ಯಾಖ್ಯೆಯನ್ನು ಪ್ರಕಟಿಸಲಾಯಿತು. 1959ರಲ್ಲಿ ಅದರ ಹೆಸರಿಗೆ ‘ಸ್ಟ್ಯಾಟಿಸ್ಟಿಕಲ್’ ಎಂಬ ಪದ ಸೇರಿತು. 1983ರಲ್ಲಿ ‘ಸ್ಟ್ಯಾಂಡರ್ಡ್’ ಎಂಬ ಪದ ಬಿಟ್ಟುಹೋಯಿತು. 2000ದ ಡಿಸೆಂಬರಿನಲ್ಲಿ ಇಡೀ ಪದ್ಧತಿಯನ್ನು ಪರಿಷ್ಕರಿಸಲಾಯಿತು. ಆ ಪರಿಷ್ಕರಣೆಯ ಫಲವಾಗಿ 2003ರ ಜೂನ್ ತಿಂಗಳಲ್ಲಿ ಹೊರಬಂದ ಪಟ್ಟಿಯಲ್ಲಿ ಮಹಾನಗರಗಳ ಜೊತೆಗೆ ‘ಮೈಕ್ರೊಪಾಲಿಟನ್’ ಎಂಬ ಹೊಸ ವರ್ಗವೂ ಸ್ಥಾನ ಪಡೆಯಿತು. ಇದನ್ನು ಕನ್ನಡದಲ್ಲಿ ‘ಕಿರುನಗರ ಸಾಂಖ್ಯಿಕ ಪ್ರದೇಶ’ ಎನ್ನಬಹುದು.

ಹತ್ತು ವರ್ಷಗಳಿಗೊಮ್ಮೆ ಜನಗಣತಿಯನ್ನು ಅನುಸರಿಸಿ ನಿಯಮಗಳ ಮರುಪರಿಶೀಲನೆ ನಡೆಯುತ್ತದೆ. 2020ರ ಜನಗಣತಿಯನ್ನು ಆಧರಿಸಿ 2023ರ ಜುಲೈನಲ್ಲಿ ಪ್ರಕಟವಾದ ಪಟ್ಟಿಯಲ್ಲಿ, ಪೋರ್ಟೊ ರಿಕೊ ಸೇರಿದಂತೆ, 393 ಮಹಾನಗರ ಪ್ರದೇಶಗಳೂ 542 ಕಿರುನಗರ ಪ್ರದೇಶಗಳೂ ಇವೆ.

ಕಟ್ಟಡದ ಇಟ್ಟಿಗೆ: ಕೌಂಟಿ

ಈ ಪದ್ಧತಿಯಲ್ಲಿ ಮೊದಲು ಅರಿಯಬೇಕಾದ ಅಂಶವೆಂದರೆ ಮಹಾನಗರ ಪ್ರದೇಶವು ಇಡಿಯ ಕೌಂಟಿಗಳಿಂದ ಕೂಡಿರುತ್ತದೆ ಎಂಬುದು. ಕೌಂಟಿಯನ್ನು ನಮ್ಮ ಜಿಲ್ಲೆಗೆ ಸ್ಥೂಲವಾಗಿ ಹೋಲಿಸಬಹುದು. ಒಂದು ಕೌಂಟಿ ಒಳಗೆ ಬಂದರೆ ಪೂರ್ತಿಯಾಗಿ ಬರುತ್ತದೆ, ಇಲ್ಲವಾದರೆ ಪೂರ್ತಿಯಾಗಿ ಹೊರಗುಳಿಯುತ್ತದೆ; ಅರ್ಧ ಕೌಂಟಿಯನ್ನು ಸೇರಿಸಿಕೊಳ್ಳುವ ಕ್ರಮವಿಲ್ಲ. ಆದಾಯ, ಉದ್ಯೋಗ, ಜನನ ಮರಣ ಮೊದಲಾದ ಅಂಕಿಗಳು ಕೌಂಟಿಯ ಮಟ್ಟದಲ್ಲಿ ವರ್ಷವರ್ಷವೂ ದೊರೆಯುವುದರಿಂದ ಈ ಕ್ರಮವನ್ನು ಅನುಸರಿಸಲಾಗಿದೆ. ಕ್ಯಾಲಿಫೋರ್ನಿಯಾದಲ್ಲಿ ಇಂತಹ 58 ಕೌಂಟಿಗಳಿವೆ.

ಪ್ರದೇಶವನ್ನು ರೂಪಿಸುವ ಕಾರ್ಯ ಮೂರು ಹಂತಗಳಲ್ಲಿ ನಡೆಯುತ್ತದೆ.

ಮೊದಲನೆಯದು ತಿರುಳನ್ನು ಗುರುತಿಸುವುದು. ಮನೆಗಳು ಒತ್ತೊತ್ತಾಗಿರುವ ನೆಲವನ್ನು ಜನಗಣತಿ ಬ್ಯೂರೊ ‘ನಗರೀಕೃತ ಪ್ರದೇಶ’ವೆಂದು ಗುರುತಿಸುತ್ತದೆ. ಇದಕ್ಕೂ ನಗರಸಭೆಯ ಎಲ್ಲೆಗೂ ಸಂಬಂಧವಿಲ್ಲ. ಇಂತಹ ಒಂದು ನಗರೀಕೃತ ಪ್ರದೇಶದಲ್ಲಿ 50,000 ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ ಅದರ ಸುತ್ತ ಮಹಾನಗರ ಪ್ರದೇಶ ಏರ್ಪಡುತ್ತದೆ. 10,000ಕ್ಕೆ ಕಡಿಮೆಯಿಲ್ಲದೆ 50,000ದ ಒಳಗಿದ್ದರೆ ಕಿರುನಗರ ಪ್ರದೇಶ ಏರ್ಪಡುತ್ತದೆ.

ಎರಡನೆಯದು ಕೇಂದ್ರ ಕೌಂಟಿಗಳ ಆಯ್ಕೆ. ಯಾವ ಕೌಂಟಿಯ ಜನರಲ್ಲಿ ಕನಿಷ್ಠ ಅರ್ಧದಷ್ಟು ಮಂದಿ 10,000ಕ್ಕೆ ಕಡಿಮೆಯಿಲ್ಲದ ನಗರೀಕೃತ ಪ್ರದೇಶಗಳಲ್ಲಿ ವಾಸಿಸುತ್ತಾರೋ ಅದು ಕೇಂದ್ರ ಕೌಂಟಿ. ಅಂತಹ ಒಂದೇ ಪ್ರದೇಶದ ಕನಿಷ್ಠ 5,000 ಜನರು ತನ್ನ ಎಲ್ಲೆಯೊಳಗಿದ್ದರೂ ಆ ಕೌಂಟಿ ಅರ್ಹವಾಗುತ್ತದೆ.

ಮೂರನೆಯದು ಹೊರ ಕೌಂಟಿಗಳ ಸೇರ್ಪಡೆ. ಇಲ್ಲಿ ಜನಸಂಖ್ಯೆ ಗಣನೆಗೆ ಬರುವುದಿಲ್ಲ. ನಿತ್ಯ ಕೆಲಸಕ್ಕೆ ಹೋಗಿಬರುವವರ ಪ್ರಮಾಣವೇ ನಿರ್ಣಾಯಕ. ಒಂದು ಕೌಂಟಿಯಲ್ಲಿ ವಾಸಿಸುವ ಉದ್ಯೋಗಸ್ಥರಲ್ಲಿ ಶೇಕಡ 25ರಷ್ಟಾದರೂ ಕೇಂದ್ರ ಕೌಂಟಿಗಳಿಗೆ ಕೆಲಸಕ್ಕೆ ಹೋಗುತ್ತಿದ್ದರೆ ಆ ಕೌಂಟಿ ಮಹಾನಗರ ಪ್ರದೇಶಕ್ಕೆ ಸೇರುತ್ತದೆ. ಹಾಗಲ್ಲದೆ, ಆ ಕೌಂಟಿಯಲ್ಲಿರುವ ಕೆಲಸಗಳಲ್ಲಿ ಶೇಕಡ 25ರಷ್ಟನ್ನು ಕೇಂದ್ರ ಕೌಂಟಿಗಳಿಂದ ಬರುವವರು ಮಾಡುತ್ತಿದ್ದರೂ ಸೇರುತ್ತದೆ. ಉದಾಹರಣೆಗೆ, ಒಂದು ಕೌಂಟಿಯಲ್ಲಿ 40,000 ಉದ್ಯೋಗಸ್ಥರಿದ್ದಾರೆಂದು ಊಹಿಸಿಕೊಳ್ಳೋಣ. ಅವರಲ್ಲಿ 10,000 ಮಂದಿ ದಿನವೂ ಕೇಂದ್ರ ಕೌಂಟಿಗೆ ಹೋಗುತ್ತಿದ್ದರೆ ಆ ಕೌಂಟಿ ಒಳಗೆ. 9,900 ಮಂದಿ ಮಾತ್ರ ಹೋಗುತ್ತಿದ್ದು, ಎರಡನೆಯ ಪರೀಕ್ಷೆಯಲ್ಲಿಯೂ ತೇರ್ಗಡೆಯಾಗದಿದ್ದರೆ ಹೊರಗೆ.

ಸ್ಯಾನ್ ಹೋಸೆ ಮಹಾನಗರ ಪ್ರದೇಶದ ರಚನೆಯಲ್ಲಿ ಈ ಕ್ರಮ ಸ್ಪಷ್ಟವಾಗಿ ಕಾಣುತ್ತದೆ. ಅದರಲ್ಲಿರುವುದು ಎರಡೇ ಕೌಂಟಿಗಳು. 19,36,259 ಜನರಿರುವ ಸ್ಯಾಂಟಾ ಕ್ಲಾರಾ ಕೌಂಟಿ ಒಂದು. ದಕ್ಷಿಣಕ್ಕಿರುವ, 64,209 ಜನರ ಸ್ಯಾನ್ ಬೆನಿಟೊ ಕೌಂಟಿ ಇನ್ನೊಂದು. ಸ್ಯಾನ್ ಬೆನಿಟೊ ಬಹುಪಾಲು ಬೆಟ್ಟ, ಹುಲ್ಲುಗಾವಲು ಮತ್ತು ಕೃಷಿಭೂಮಿಯ ನಾಡು. ಆದರೂ ಅಲ್ಲಿಯ ಹಾಲಿಸ್ಟರ್ ಪಟ್ಟಣದಿಂದ ಬೆಳಗಾದರೆ ಸ್ಯಾಂಟಾ ಕ್ಲಾರಾ ಕೌಂಟಿಯ ಕಚೇರಿಗಳಿಗೂ ಕಾರ್ಖಾನೆಗಳಿಗೂ ಹೋಗುವ ಕಾರುಗಳ ಸಾಲು ಅದನ್ನು ಮಹಾನಗರದ ಭಾಗವನ್ನಾಗಿಸಿದೆ.

ಮಹಾನಗರ, ಕಿರುನಗರ, ಎರಡೂ ಅಲ್ಲದುದು

ಮಹಾನಗರಕ್ಕೂ ಕಿರುನಗರಕ್ಕೂ ಇರುವ ಅಂತರ ಒಟ್ಟು ಜನಸಂಖ್ಯೆಯದೆಂದು ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ. 2020ರ ಜನಗಣತಿಯಲ್ಲಿ ನಾಪಾ ಕೌಂಟಿಯ ಜನಸಂಖ್ಯೆ 1,38,019. ರಾಜ್ಯದ ಉತ್ತರ ಕರಾವಳಿಯ ಹಂಬೋಲ್ಟ್ ಕೌಂಟಿಯದು 1,36,463. ಎರಡೂ ಬಹುಮಟ್ಟಿಗೆ ಸಮಾನ. ಎರಡೂ ಒಂದೊಂದೇ ಕೌಂಟಿಯ ಪ್ರದೇಶಗಳು. ಆದರೂ ದ್ರಾಕ್ಷಾರಸಕ್ಕೆ ಹೆಸರಾದ ನಾಪಾ ಮಹಾನಗರ ಪ್ರದೇಶವೆಂದೂ, ಮರದ ಉದ್ಯಮ ಮತ್ತು ಮೀನುಗಾರಿಕೆಗೆ ಹೆಸರಾದ ಹಂಬೋಲ್ಟ್ ಕಿರುನಗರ ಪ್ರದೇಶವೆಂದೂ ಪಟ್ಟಿಯಾಗಿವೆ. ಕಾರಣವಿಷ್ಟೆ: ನಾಪಾ ಪಟ್ಟಣವನ್ನು ಒಳಗೊಂಡ ನಗರೀಕೃತ ಪ್ರದೇಶದಲ್ಲಿ 50,000ಕ್ಕೂ ಹೆಚ್ಚು ಜನರು ಒತ್ತಾಗಿ ನೆಲೆಸಿದ್ದಾರೆ. ಹಂಬೋಲ್ಟ್ ಕೌಂಟಿಯಲ್ಲಿ ಯುರೇಕಾ ಪಟ್ಟಣದ ಸುತ್ತಣ ತಿರುಳು ಆ ಮಿತಿಯನ್ನು ಮುಟ್ಟಿಲ್ಲ. ಉಳಿದ ಜನರು ಬೇರೆ ಬೇರೆ ಊರುಗಳಲ್ಲಿ ಚದುರಿದ್ದಾರೆ. ಅತ್ತ 64,209 ಜನರ ಸ್ಯಾನ್ ಬೆನಿಟೊ ನೆರೆಯ ಕೌಂಟಿಯ ಬಲದಿಂದ ಮಹಾನಗರದ ಪಟ್ಟಿಯಲ್ಲಿದೆ. ಅದರ ಎರಡು ಪಟ್ಟಿಗಿಂತ ಹೆಚ್ಚು ಜನರಿರುವ ಹಂಬೋಲ್ಟ್ ಅಲ್ಲಿಲ್ಲ.

10,000 ಜನರ ತಿರುಳೂ ಇಲ್ಲದ, ನೆರೆಯ ಪ್ರದೇಶಕ್ಕೆ ಸಾಕಷ್ಟು ಉದ್ಯೋಗಸ್ಥರನ್ನು ಕಳುಹಿಸದ ಕೌಂಟಿಗಳು ಎರಡು ವರ್ಗಕ್ಕೂ ಸೇರುವುದಿಲ್ಲ. ರಾಜ್ಯದ ಈಶಾನ್ಯ ಮೂಲೆಯ ಮೊಡಾಕ್ ಕೌಂಟಿ ಇದಕ್ಕೆ ಉದಾಹರಣೆ. ಇಂತಹ ಕೌಂಟಿಗಳನ್ನು ವರದಿಗಳಲ್ಲಿ ‘ಉಳಿದ ಭಾಗ’ವೆಂದು ಒಟ್ಟುಗೂಡಿಸಿ ತೋರಿಸುವುದುಂಟು.

ಅಕ್ಕಪಕ್ಕದ ಮಹಾನಗರಗಳು

ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಸ್ಯಾನ್ ಹೋಸೆಗಳ ನಡುವೆ ಕಟ್ಟಡಗಳ ಸಾಲು ಎಲ್ಲಿಯೂ ಕಡಿದಿಲ್ಲ. ಹೀಗಿರುವಾಗ ಅವು ಏಕೆ ಒಂದಾಗಿಲ್ಲವೆಂಬ ಪ್ರಶ್ನೆ ಏಳುತ್ತದೆ. ಒಂದು ಪ್ರದೇಶದ ಕೇಂದ್ರ ಕೌಂಟಿಗಳೇ ಒಟ್ಟಾಗಿ ಮತ್ತೊಂದರ ಹೊರ ಕೌಂಟಿಗಳಾಗಲು ಅರ್ಹವಾದಾಗ ಮಾತ್ರ, ಎಂದರೆ ಮೇಲೆ ಹೇಳಿದ ಶೇಕಡ 25ರ ಪರೀಕ್ಷೆಯಲ್ಲಿ ತೇರ್ಗಡೆಯಾದಾಗ ಮಾತ್ರ, ಎರಡು ಪ್ರದೇಶಗಳು ವಿಲೀನಗೊಳ್ಳುತ್ತವೆ. ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ ವಾಸಿಸುವವರ ಬಹುಪಾಲು ಉದ್ಯೋಗ ಅಲ್ಲಿಯೇ ಇರುವುದರಿಂದ ಅದು ಮತ್ತೊಂದರ ಅಂಗವಾಗಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದಲ್ಲಿ ಅಲಮೇಡಾ, ಕಾಂಟ್ರಾ ಕಾಸ್ಟಾ, ಮರಿನ್, ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಸ್ಯಾನ್ ಮಟೇಯೊ ಎಂಬ ಐದು ಕೌಂಟಿಗಳಿವೆ.

ವಿಲೀನವಾಗುವಷ್ಟಿಲ್ಲದಿದ್ದರೂ ಸಂಬಂಧ ಗಣನೀಯವಾಗಿದ್ದರೆ ‘ಸಂಯುಕ್ತ ಸಾಂಖ್ಯಿಕ ಪ್ರದೇಶ’ವೆಂಬ ಇನ್ನೊಂದು ಮೇಲಂತಸ್ತಿನ ಗುಂಪು ರಚಿತವಾಗುತ್ತದೆ. ಇದಕ್ಕಾಗಿ ಎರಡು ಪ್ರಮಾಣಗಳನ್ನು ಕೂಡಲಾಗುತ್ತದೆ. ಚಿಕ್ಕ ಪ್ರದೇಶದ ಉದ್ಯೋಗಸ್ಥರಲ್ಲಿ ದೊಡ್ಡ ಪ್ರದೇಶಕ್ಕೆ ಹೋಗುವವರ ಶೇಕಡಾವಾರು ಒಂದು. ಚಿಕ್ಕ ಪ್ರದೇಶದ ಕೆಲಸಗಳಲ್ಲಿ ದೊಡ್ಡ ಪ್ರದೇಶದವರು ಮಾಡುವವುಗಳ ಶೇಕಡಾವಾರು ಮತ್ತೊಂದು. ಮೊತ್ತ 15 ಅಥವಾ ಅದಕ್ಕಿಂತ ಹೆಚ್ಚಾದರೆ ಎರಡೂ ಒಂದೇ ಗುಂಪಿಗೆ ಸೇರುತ್ತವೆ. ಸ್ಯಾನ್ ಹೋಸೆ, ಸ್ಯಾನ್ ಫ್ರಾನ್ಸಿಸ್ಕೊ, ನಾಪಾ, ಸ್ಟಾಕ್ಟನ್ ಮೊದಲಾದುವು ಹೀಗೆ ಒಂದು ಸಂಯುಕ್ತ ಪ್ರದೇಶದಲ್ಲಿವೆ.

ದಕ್ಷಿಣದಲ್ಲಿಯೂ ಇದೇ ಸ್ಥಿತಿ. ಲಾಸ್ ಏಂಜಲೀಸ್ ಮತ್ತು ಆರೆಂಜ್ ಕೌಂಟಿಗಳು ಸೇರಿ 1,32,00,998 ಜನರ ಮಹಾನಗರ ಪ್ರದೇಶವಾಗಿವೆ. ಅದರ ಪೂರ್ವಕ್ಕೆ ರಿವರ್‌ಸೈಡ್ ಮತ್ತು ಸ್ಯಾನ್ ಬರ್ನಾರ್ಡಿನೊ ಕೌಂಟಿಗಳ 45,99,839 ಜನರ ಪ್ರತ್ಯೇಕ ಮಹಾನಗರ ಪ್ರದೇಶವಿದೆ. ಇವೆರಡಕ್ಕೂ ವೆಂಚುರಾ ಕೌಂಟಿಯನ್ನು ಸೇರಿಸಿದ ಸಂಯುಕ್ತ ಪ್ರದೇಶದ ಜನಸಂಖ್ಯೆ 1,86,44,680. ಲಾಸ್ ಏಂಜಲೀಸ್ ನಗರದ ಎಲ್ಲೆಯೊಳಗೆ ಇರುವವರಾದರೋ 38,98,747 ಮಂದಿ. ವರದಿಯೊಂದರಲ್ಲಿ ‘ಲಾಸ್ ಏಂಜಲೀಸ್’ ಎಂದು ಮಾತ್ರ ಬರೆದಿದ್ದರೆ ಅದು 39 ಲಕ್ಷದ ಮಾರುಕಟ್ಟೆಯೋ, 132 ಲಕ್ಷದ್ದೋ, 186 ಲಕ್ಷದ್ದೋ ಎಂಬುದನ್ನು ಓದುವವರೇ ವಿಚಾರಿಸಿಕೊಳ್ಳಬೇಕು.

ಗಡಿಯ ಪರಿಣಾಮ: ವೇತನ ಮತ್ತು ವೀಸಾ

ಈ ಗಡಿಗಳು ಅಂಕಿಅಂಶದ ಪುಸ್ತಕಗಳಲ್ಲಷ್ಟೇ ಉಳಿದಿದ್ದರೆ ಬೆಂಗಳೂರಿನ ಸಾಫ್ಟ್‌ವೇರ್ ಸಂಸ್ಥೆಗಳು ಅವುಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿರಲಿಲ್ಲ. ಆದರೆ ಎಚ್-1ಬಿ ವೀಸಾದ ಮೇಲೆ ಹೋಗುವ ನೌಕರರಿಗೆ ಆಯಾ ಪ್ರದೇಶದಲ್ಲಿ ಪ್ರಚಲಿತವಿರುವ ವೇತನಕ್ಕಿಂತ ಕಡಿಮೆ ಕೊಡುವಂತಿಲ್ಲ. ಈ ವೇತನವನ್ನು ಅಮೆರಿಕದ ಕಾರ್ಮಿಕ ಇಲಾಖೆ ಪ್ರದೇಶವಾರು, ಉದ್ಯೋಗವಾರು, ನಾಲ್ಕು ಮಟ್ಟಗಳಲ್ಲಿ ಪ್ರಕಟಿಸುತ್ತದೆ. ಅದಕ್ಕೆ ಆಧಾರ ಬಹುಮಟ್ಟಿಗೆ ಮಹಾನಗರ ಸಾಂಖ್ಯಿಕ ಪ್ರದೇಶಗಳೇ.

ಒಂದೇ ಮಹಾನಗರ ಪ್ರದೇಶದೊಳಗಿನ ಯಾವುದೇ ಸ್ಥಳವನ್ನು ಸಾಮಾನ್ಯ ಓಡಾಟದ ದೂರದಲ್ಲಿದೆಯೆಂದೇ ನಿಯಮಗಳು ಪರಿಗಣಿಸುತ್ತವೆ. ನೌಕರನ ಕೆಲಸದ ಸ್ಥಳ ಆ ವ್ಯಾಪ್ತಿಯಿಂದ ಹೊರಗೆ ಬದಲಾಗಿ ಹೊಸ ವೇತನ ಅರ್ಜಿಯ ಅಗತ್ಯ ಉಂಟಾದಲ್ಲಿ ವೀಸಾ ಅರ್ಜಿಯನ್ನೂ ತಿದ್ದುಪಡಿ ಮಾಡಿ ಸಲ್ಲಿಸಬೇಕೆಂದು 2015ರ ಏಪ್ರಿಲ್‌ನಲ್ಲಿ ಅಲ್ಲಿಯ ವಲಸೆ ಮೇಲ್ಮನವಿ ಕಚೇರಿ ತೀರ್ಮಾನ ನೀಡಿತು. 2025ರ ಜನವರಿಯಲ್ಲಿ ಜಾರಿಗೆ ಬಂದ ನಿಯಮಾವಳಿಯಲ್ಲಿ ಇದೇ ತತ್ತ್ವ ಸೇರ್ಪಡೆಯಾಗಿದೆ.

ಭೂಪಟದಲ್ಲಿ ಇದರ ಅರ್ಥ ಬಹಳ ಸೂಕ್ಷ್ಮವಾದುದು. ಫ್ರೀಮಾಂಟ್ ನಗರ ಅಲಮೇಡಾ ಕೌಂಟಿಯಲ್ಲಿದೆ, ಆದ್ದರಿಂದ ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶಕ್ಕೆ ಸೇರಿದೆ. ಅದಕ್ಕೆ ಅಂಟಿಕೊಂಡೇ ಇರುವ ಮಿಲ್‌ಪಿಟಾಸ್ ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿದ್ದು ಸ್ಯಾನ್ ಹೋಸೆ ಪ್ರದೇಶಕ್ಕೆ ಸೇರಿದೆ. ಹಾಗೆಯೇ ಮೆನ್ಲೊ ಪಾರ್ಕ್ ಒಂದು ಪ್ರದೇಶದಲ್ಲಿದ್ದರೆ ಪಕ್ಕದ ಪಾಲೊ ಆಲ್ಟೊ ಇನ್ನೊಂದರಲ್ಲಿದೆ. ಕೆಲವೇ ನಿಮಿಷಗಳ ದಾರಿಯ ಅಂತರದಲ್ಲಿ ಅನ್ವಯಿಸುವ ವೇತನದ ಕೋಷ್ಟಕವೇ ಬದಲಾಗುತ್ತದೆ. ಅದೇ ಸ್ಯಾನ್ ಹೋಸೆಯಿಂದ ಬೆಟ್ಟ ಗುಡ್ಡಗಳನ್ನು ದಾಟಿ ಹಾಲಿಸ್ಟರ್‌ಗೆ ಹೋದರೂ ಮಹಾನಗರ ಪ್ರದೇಶ ಬದಲಾಗುವುದಿಲ್ಲ. ನೌಕರರನ್ನು ಒಂದು ಗ್ರಾಹಕ ಸಂಸ್ಥೆಯಿಂದ ಇನ್ನೊಂದಕ್ಕೆ ವರ್ಗಾಯಿಸುವ ಮುನ್ನ ಕಿಲೋಮೀಟರುಗಳನ್ನಲ್ಲ, ಕೌಂಟಿಯ ಹೆಸರನ್ನು ಮೊದಲು ನೋಡಬೇಕೆಂಬುದು ಇದರ ಸಾರ.

ಮರುಭೂಮಿಯೂ ಮಹಾನಗರವೇ

ಇಡಿಯ ಕೌಂಟಿಯನ್ನು ಇಟ್ಟಿಗೆಯಾಗಿಸಿಕೊಂಡುದರ ದೋಷ ಸ್ಯಾನ್ ಬರ್ನಾರ್ಡಿನೊದಲ್ಲಿ ಎದ್ದುಕಾಣುತ್ತದೆ. ಈ ಕೌಂಟಿಯ ವಿಸ್ತೀರ್ಣ ಸುಮಾರು 52,000 ಚದರ ಕಿಲೋಮೀಟರ್. ಇಡೀ ಕೇರಳ ರಾಜ್ಯಕ್ಕಿಂತ ದೊಡ್ಡದು. ಜನವಸತಿಯ ಹೆಚ್ಚಿನ ಭಾಗ ನೈಋತ್ಯ ಮೂಲೆಯಲ್ಲಿದ್ದು ಉಳಿದುದು ಮೊಹಾವಿ ಮರುಭೂಮಿ. ಆದರೂ ಕೋಷ್ಟಕದಲ್ಲಿ ಇಡೀ ಕೌಂಟಿ ಮಹಾನಗರ. ಇಂತಹ ಕಡೆ ಒಟ್ಟು ಜನಸಂಖ್ಯೆಯನ್ನು ವಿಸ್ತೀರ್ಣದಿಂದ ಭಾಗಿಸಿ ಜನಸಾಂದ್ರತೆಯನ್ನು ಲೆಕ್ಕಹಾಕಿದರೆ ಅಂಗಡಿಯ ಸ್ಥಳವನ್ನಾಗಲಿ ಸರಬರಾಜಿನ ವೆಚ್ಚವನ್ನಾಗಲಿ ಸರಿಯಾಗಿ ಅಂದಾಜು ಮಾಡಲಾಗುವುದಿಲ್ಲ.

ರಫ್ತುದಾರರಿಗೆ ಈ ಪ್ರದೇಶ ಬೇರೊಂದು ಕಾರಣಕ್ಕೆ ಮುಖ್ಯ. ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳಲ್ಲಿ ಇಳಿಯುವ ಸರಕಿನ ದೊಡ್ಡ ಪಾಲು ಇಲ್ಲಿಯ ಆಂಟೇರಿಯೊ, ಫಾಂಟಾನಾ, ಸ್ಯಾನ್ ಬರ್ನಾರ್ಡಿನೊ ಮೊದಲಾದ ಊರುಗಳ ಉಗ್ರಾಣಗಳಿಗೆ ಬರುತ್ತದೆ. ಬಂದರು ಒಂದು ಮಹಾನಗರದಲ್ಲಿ, ಉಗ್ರಾಣ ಇನ್ನೊಂದರಲ್ಲಿ. ಬಾಡಿಗೆ, ಕೂಲಿಯ ದರಗಳ ಕೋಷ್ಟಕಗಳೂ ಬೇರೆ ಬೇರೆ.

ಬದಲಾಗುವ ಹೆಸರು, ಬದಲಾಗದ ಮಿತಿ

ಮಹಾನಗರ ಪ್ರದೇಶದ ಹೆಸರಿನಲ್ಲಿ ಅದರ ಪ್ರಧಾನ ನಗರಗಳಲ್ಲಿ ಮೂರರವರೆಗೆ ಸೇರಬಹುದು. ಪ್ರಧಾನ ನಗರಗಳ ಸ್ಥಾನಪಲ್ಲಟವಾದಂತೆ ಹೆಸರೂ ಬದಲಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶ 2003ರಲ್ಲಿ ‘ಸ್ಯಾನ್ ಫ್ರಾನ್ಸಿಸ್ಕೊ-ಓಕ್‌ಲ್ಯಾಂಡ್-ಫ್ರೀಮಾಂಟ್’ ಎಂದಿತ್ತು. 2013ರಲ್ಲಿ ಮೂರನೆಯ ಹೆಸರು ಹೇವರ್ಡ್ ಆಯಿತು, 2018ರಲ್ಲಿ ಬರ್ಕ್ಲಿ ಆಯಿತು, 2023ರಲ್ಲಿ ಮತ್ತೆ ಫ್ರೀಮಾಂಟ್ ಆಯಿತು. ಐದು ಕೌಂಟಿಗಳು ಮಾತ್ರ ಅವೇ. 41860 ಎಂಬ ಸಂಕೇತ ಸಂಖ್ಯೆಯೂ ಅದೇ. ಹಲವು ವರ್ಷಗಳ ಅಂಕಿಗಳನ್ನು ಹೋಲಿಸುವವರು ಹೆಸರಿಗಿಂತ ಸಂಕೇತ ಸಂಖ್ಯೆಯನ್ನೂ ಕೌಂಟಿಗಳ ಪಟ್ಟಿಯನ್ನೂ ನಂಬುವುದು ಕ್ಷೇಮ.

50,000ದ ಮಿತಿಯನ್ನು ಕುರಿತು 2021ರಲ್ಲಿ ದೊಡ್ಡ ಚರ್ಚೆಯೇ ನಡೆಯಿತು. 1950ರ ನಂತರ ದೇಶದ ಜನಸಂಖ್ಯೆ ಎರಡು ಪಟ್ಟಿಗಿಂತ ಹೆಚ್ಚಾಗಿರುವುದರಿಂದ ಮಿತಿಯನ್ನು 1,00,000ಕ್ಕೆ ಏರಿಸಬೇಕೆಂಬ ಪ್ರಸ್ತಾಪ ಆ ವರ್ಷದ ಜನವರಿಯಲ್ಲಿ ಪ್ರಕಟವಾಯಿತು. ಹಾಗಾಗಿದ್ದರೆ 144 ಪ್ರದೇಶಗಳು ಮಹಾನಗರದ ಸ್ಥಾನವನ್ನು ಕಳೆದುಕೊಂಡು ಕಿರುನಗರಗಳಾಗುತ್ತಿದ್ದವು. ವಸತಿ, ಸಾರಿಗೆ, ಆರೋಗ್ಯ ಮೊದಲಾದ ಕ್ಷೇತ್ರಗಳ ಕೆಲವು ಅನುದಾನಗಳು ಈ ಸ್ಥಾನವನ್ನು ಅವಲಂಬಿಸಿರುವುದರಿಂದ ಸಣ್ಣ ನಗರಗಳಿಂದ ತೀವ್ರ ವಿರೋಧ ವ್ಯಕ್ತವಾಯಿತು. ಜುಲೈ ತಿಂಗಳಲ್ಲಿ ಪ್ರಸ್ತಾಪವನ್ನು ಕೈಬಿಟ್ಟು ಹಳೆಯ ಮಿತಿಯನ್ನೇ ಉಳಿಸಿಕೊಳ್ಳಲಾಯಿತು. ಇವು ಅಂಕಿಅಂಶಗಳಿಗಾಗಿ ಮಾತ್ರ ರೂಪಿಸಿದ ಪ್ರದೇಶಗಳು, ಇವನ್ನೇ ನಗರ ಮತ್ತು ಗ್ರಾಮಗಳ ವಿಂಗಡಣೆಯೆಂದು ತಿಳಿಯಬಾರದು ಎಂದು ಕಚೇರಿ ಹೇಳುತ್ತಲೇ ಬಂದಿದೆ. ಆದರೆ ಅಳತೆಗೋಲಿಗೆ ಹಣದ ನಂಟು ಬೆಳೆದ ಮೇಲೆ ಅದನ್ನು ಬದಲಾಯಿಸುವುದು ಸುಲಭವಲ್ಲ ಎಂಬುದನ್ನು ಈ ಪ್ರಸಂಗ ತೋರಿಸಿಕೊಟ್ಟಿತು.

ಭಾರತದ ವ್ಯಾಖ್ಯೆಗೆ ಹೋಲಿಕೆ

ಭಾರತದಲ್ಲಿ ‘ಮಹಾನಗರ ಪ್ರದೇಶ’ವೆಂಬುದು ಸಂವಿಧಾನದ 243ಪಿ ವಿಧಿಯಲ್ಲಿಯೇ ಉಕ್ತವಾಗಿದೆ. ಹತ್ತು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯಿದ್ದು, ಒಂದು ಅಥವಾ ಹೆಚ್ಚು ಜಿಲ್ಲೆಗಳಲ್ಲಿ ಹರಡಿ, ಎರಡು ಅಥವಾ ಹೆಚ್ಚು ಪುರಸಭೆ, ಪಂಚಾಯತಿಗಳನ್ನು ಒಳಗೊಂಡಿರುವ ಪ್ರದೇಶವನ್ನು ರಾಜ್ಯಪಾಲರು ಅಧಿಸೂಚನೆಯ ಮೂಲಕ ಹಾಗೆ ಘೋಷಿಸಬಹುದು. ನಮ್ಮ ಜನಗಣತಿಯ ‘ನಗರ ಸಮೂಹ’ ಕಟ್ಟಡಗಳ ನಿರಂತರ ಹರಡುವಿಕೆಯನ್ನು ಅಳೆಯುತ್ತದೆ. ಎರಡರಲ್ಲಿಯೂ ನಿತ್ಯದ ಓಡಾಟಕ್ಕೆ ಸ್ಥಾನವಿಲ್ಲ. ರಾಮನಗರದಿಂದಲೋ ತುಮಕೂರಿನಿಂದಲೋ ದಿನವೂ ಬೆಂಗಳೂರಿನ ಕಾರ್ಖಾನೆಗಳಿಗೆ ಬಂದುಹೋಗುವ ಕಾರ್ಮಿಕರು ಈ ಲೆಕ್ಕಗಳಲ್ಲಿ ಬೆಂಗಳೂರಿನವರಾಗುವುದಿಲ್ಲ. ಆದ್ದರಿಂದ ಬೆಂಗಳೂರು ನಗರ ಸಮೂಹವನ್ನು ಅಮೆರಿಕದ ಮಹಾನಗರ ಪ್ರದೇಶದೊಡನೆ ನೇರವಾಗಿ ಹೋಲಿಸುವುದು ಸೇರನ್ನು ಕಿಲೋಗ್ರಾಮಿನೊಡನೆ ಹೋಲಿಸಿದಂತೆ.

ವ್ಯವಹಾರಸ್ಥರು ಗಮನಿಸಬೇಕಾದ ಅಂಶಗಳು

1. ವರದಿಯಲ್ಲಿ ಊರಿನ ಹೆಸರು ಕಂಡಾಗ ಅದು ನಗರವೋ, ಕೌಂಟಿಯೋ, ಮಹಾನಗರ ಪ್ರದೇಶವೋ, ಸಂಯುಕ್ತ ಪ್ರದೇಶವೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

2. ಅಂಕಿಗಳು ಯಾವ ವರ್ಷದ ಪಟ್ಟಿಯನ್ನು ಆಧರಿಸಿವೆ ಎಂಬುದನ್ನು ನೋಡಬೇಕು. ಕೌಂಟಿಗಳು ಸೇರಿದ್ದರೆ ಅಥವಾ ಬಿಟ್ಟುಹೋಗಿದ್ದರೆ ತೋರುವ ಏರಿಳಿತ ನಿಜವಾದ ಬೆಳವಣಿಗೆಯಲ್ಲ.

3. ಮಹಾನಗರ ಪ್ರದೇಶಗಳು ರಾಜ್ಯದ ಗಡಿಯನ್ನು ದಾಟಬಹುದು. ಕನ್ಸಾಸ್ ಸಿಟಿ ಪ್ರದೇಶ ಮಿಸೌರಿ ಮತ್ತು ಕನ್ಸಾಸ್ ಎರಡೂ ರಾಜ್ಯಗಳಲ್ಲಿದೆ. ಮಾರಾಟ ತೆರಿಗೆ ಮುಂತಾದುವು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುವುದರಿಂದ ಇಂತಹ ಕಡೆ ಆಯಾ ರಾಜ್ಯದ ಭಾಗವನ್ನು ಬೇರ್ಪಡಿಸಿ ಲೆಕ್ಕಹಾಕಬೇಕು.

4. ಕಿರುನಗರವೆಂದ ಮಾತ್ರಕ್ಕೆ ಮಾರುಕಟ್ಟೆ ಕಿರಿದೆಂದು ತಳ್ಳಿಹಾಕಬಾರದು. ಮಹಾನಗರವೆಂದ ಮಾತ್ರಕ್ಕೆ ಹಿರಿದೆಂದು ನಂಬಲೂಬಾರದು. ನಾಪಾ ಮತ್ತು ಹಂಬೋಲ್ಟ್‌ಗಳ ಅಂಕಿಗಳನ್ನು ಇಲ್ಲಿ ನೆನಪಿಸಿಕೊಳ್ಳಬಹುದು.

5. ನೌಕರರನ್ನು ಕಳುಹಿಸುವ ಸಂಸ್ಥೆಗಳು ಕೆಲಸದ ಸ್ಥಳದ ವಿಳಾಸದೊಡನೆ ಕೌಂಟಿಯ ಹೆಸರನ್ನೂ ಕಡತದಲ್ಲಿ ನಮೂದಿಸಿಟ್ಟುಕೊಳ್ಳುವುದು ಒಳಿತು.

ಒಟ್ಟಿನಲ್ಲಿ ಅಮೆರಿಕದ ಮಹಾನಗರವೆಂಬುದು ಜನರು ವಾಸಿಸುವ ಜಾಗಕ್ಕಿಂತ ಹೆಚ್ಚಾಗಿ ಅವರು ದುಡಿಯಲು ಹೋಗಿಬರುವ ಜಾಗದ ಲೆಕ್ಕ. ಸರಕನ್ನು ಕೊಳ್ಳುವವರೂ, ಸೇವೆಯನ್ನು ಬಯಸುವವರೂ, ಸಂಬಳ ಪಡೆಯುವವರೂ ಆ ಓಡಾಟದ ವ್ಯಾಪ್ತಿಯಲ್ಲಿಯೇ ಇರುವುದರಿಂದ ವ್ಯಾಪಾರಕ್ಕೆ ಅದು ಉಪಯುಕ್ತವಾದ ಅಳತೆ. ಅದು ಏನನ್ನು ಅಳೆಯುತ್ತದೆಂಬುದನ್ನು ಅರಿತು ಬಳಸಿದವರಿಗೆ ಮಾತ್ರ ಅದರ ಪ್ರಯೋಜನ ದೊರೆಯುತ್ತದೆ.